ಮಂಚದ ಮೇಲಿನ ಕಪಾಟು

ಮಲಗಿದವರ ಕಣ್ಣಿಗೆ ಕಪಾಟು ಹೇಗೆ ಕಾಣುತ್ತದೆ ಎಂದು ಬಡಗಿಯಮ್ಮ ಅದುವರೆಗೆ ಯೋಚಿಸಿಯೇ ಇರಲಿಲ್ಲ. ನಿಂತವರಿಗೆ ಹಲಗೆಯ ಮೇಲಿಟ್ಟ ಸಾಮಾನು ಕಾಣುತ್ತದೆ, ಕೂತವರಿಗೆ ಹಲಗೆಯ ಅಂಚು. ಮಲಗಿದವರಿಗೆ ಕಾಣುವುದು ಹಲಗೆಯ ಅಡಿಭಾಗ, ಅದನ್ನು ಹೊತ್ತ ಬ್ರಾಕೆಟ್ಟು, ಬ್ರಾಕೆಟ್ಟಿನ ಸ್ಕ್ರೂ.

"ಸೊಂಟದಿಂದ ಕೆಳಗೆ ಪ್ಲಾಸ್ಟರು ಕಟ್ಟಿದ್ದಾರೆ, ಕಣ್ಣಿಗೇನೂ ಕಟ್ಟಿಲ್ಲವಲ್ಲ" ಎಂದಳು ಮಂಚದ ಮೇಲಿದ್ದ ಅಕ್ಷರದಕ್ಕ. "ದಿನವಿಡೀ ಆ ಬ್ರಾಕೆಟ್ಟಿನ ಮುಖ ನೋಡ್ತಾ ಬಿದ್ದಿರೋಕೆ ನನ್ನಿಂದಾಗಲ್ಲ. ನಮ್ಮೆಜಮಾನ್ರ ಮುಖ ಒಂದು ಸಾಕು."

ಆಕೆ ಕಲ್ಲಿನ ಮೇಲೆ ಅಕ್ಷರ ಕೊರೆಯುವವಳು. ಗಂಡ ಕಲ್ಲು ಸೀಳಿ ನಯ ಮಾಡಿ ಕೊಡುತ್ತಿದ್ದ. ಅದರ ಮೇಲೆ ಹೆಸರು, ಊರು, ವಿಳಾಸ ಬಿಡಿಸುವುದು ಆಕೆಯ ಪಾಲು. ಒಂದು ದೊಡ್ಡ ಕಟ್ಟಡದ ಬಾಗಿಲ ಮೇಲೆ ಅಕ್ಷರ ಕೊರೆಯುತ್ತಿದ್ದಾಗ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಡಾಕ್ಟರು ತಿಂಗಳುಗಟ್ಟಲೆ ಅಲುಗಕೂಡದು ಎಂದಿದ್ದರು. ಕೆಲಸವಿಲ್ಲದ ಕೈ ಚಡಪಡಿಸುತ್ತಿತ್ತು. ಅದಕ್ಕೇ ಈ ಕಪಾಟು: ಮಂಚದ ಪಕ್ಕದ ಗೋಡೆಗೆ, ಮಲಗಿದಲ್ಲಿಂದಲೇ ಕೈಗೆ ಎಟುಕುವಂತೆ, ಮೂರು ಹಲಗೆ. ಪ್ಲಾಸ್ಟರು ಬಿಚ್ಚಿ ಎದ್ದು ಕೂರುವ ಹೊತ್ತಿಗೆ ಹಲಗೆಗಳನ್ನು ಮೇಲಕ್ಕೆ ಸರಿಸಿಕೊಳ್ಳುವ ಹಾಗಿರಬೇಕು. ಆಧಾರ ಮಾತ್ರ ಎಲ್ಲೂ ಕಾಣಬಾರದು.

ಬಡಗಿಯಮ್ಮನಿಗೆ ಉಪಾಯ ಗೊತ್ತಿತ್ತು. ಅದನ್ನು ಕಲಿಸಿದ್ದು ಮಾವ. ಮದುವೆಯಾಗಿ ಬಂದಾಗ ಆಕೆಗೆ ಉಳಿ ಹಿಡಿಯಲೂ ಬರುತ್ತಿರಲಿಲ್ಲ. ಗಂಡ ಬಸ್ಸು ಓಡಿಸುವವನು, ಮರದ ಹೊಟ್ಟು ಮೂಗಿಗೆ ಬಂದರೆ ಸೀನುತ್ತಿದ್ದ. ಸೊಸೆ ಮಾತ್ರ ಮಾವನ ಮರಗೆಲಸದ ಅಂಗಡಿಗೆ ಕಾಲಿಟ್ಟವಳು ಹೊರಗೆ ಬರಲೇ ಇಲ್ಲ. ಮಾವ ತೀರಿಕೊಂಡ ಮೇಲೆ ಅಂಗಡಿ ಆಕೆಯದಾಯಿತು. ಜೊತೆಗಿದ್ದವನು ಮೈದುನ. ಅವನ ಕೈಗೆ ಮರಕ್ಕಿಂತ ಕಬ್ಬಿಣ ಒಗ್ಗುತ್ತಿತ್ತು. ಬೀಗ, ತಿರುಗಣಿ, ತಂತಿಯ ಕೆಲಸವೆಲ್ಲ ಅವನದೇ.

ಉಪಾಯ ಹೀಗೆ: ಗಟ್ಟಿ ಸ್ಪ್ರಿಂಗ್ ತಂತಿಯ ಒಂದು ಗೇಣುದ್ದದ ತುಂಡು. ಎರಡು ತುದಿಗಳನ್ನೂ ಒಂದೇ ಕಡೆಗೆ ಮಡಿಸಿ, ಕಪಾಟಿನ ಪಕ್ಕದ ಹಲಗೆಯ ಎರಡು ಸಣ್ಣ ತೂತುಗಳಿಗೆ ತೂರಿಸಬೇಕು. ನಡುವಿನ ನೇರ ಭಾಗ ಒಂದು ಗೀಟಿನ ಹಾಗೆ ಹೊರಗುಳಿಯುತ್ತದೆ. ಕೂರಿಸುವ ಹಲಗೆಯ ಎರಡು ಕೊನೆಗಳಲ್ಲೂ ಗರಗಸದಿಂದ ಒಂದು ಸೀಳು. ಆ ಸೀಳು ಹಿಂದಿನಿಂದ ಶುರುವಾಗಿ ಮುಂದಿನ ಅಂಚಿಗೆ ಮೊದಲೇ ನಿಲ್ಲಬೇಕು. ಹಲಗೆಯನ್ನು ತಂತಿಯ ಮೇಲೆ ಹಿಂದಕ್ಕೆ ತಳ್ಳಿದರೆ ತಂತಿ ಸೀಳಿನೊಳಗೆ ಮಾಯ. ಮುಂದಿನಿಂದ ನೋಡಿದರೂ ಇಲ್ಲ, ಅಡಿಯಿಂದ ನೋಡಿದರೂ ಇಲ್ಲ. ಹಲಗೆ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ.

"ಏನೇನು ಇಡ್ತೀರಿ ಇದರ ಮೇಲೆ?" ಎಂದು ಅಳತೆ ತೆಗೆದುಕೊಳ್ಳುತ್ತಾ ಕೇಳಿದಳು.

ಅಕ್ಷರದಕ್ಕ ಬಾಯಿ ತೆರೆಯುವಷ್ಟರಲ್ಲಿ ಆಕೆಯ ಗಂಡ ಕಲ್ಲುಕುಟಿಗ ನಡುವೆ ಬಂದ. "ಸಣ್ಣಪುಟ್ಟ ಸಾಮಾನಮ್ಮ. ಕಪ್ಪೆಚಿಪ್ಪು, ಮಣ್ಣಿನ ಗೊಂಬೆ, ಇವಳ ಮಾತ್ರೆ ಡಬ್ಬಿ. ಒಂದೆರಡು ಪುಟ್ಟ ಕಲ್ಲು ಇರಬಹುದು."

ಹೆಂಡತಿ ಗಂಡನನ್ನೊಮ್ಮೆ ನೋಡಿದಳು, ಆಮೇಲೆ ಸೂರು ನೋಡಿದಳು. ಬಡಗಿಯಮ್ಮ ಅಳತೆಪಟ್ಟಿ ಮಡಿಸಿ ಕಿವಿಯ ಮೇಲಿನ ಪೆನ್ಸಿಲು ಜೇಬಿಗೆ ಹಾಕಿಕೊಂಡಳು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು.

ಕೆಲಸ ಚೆನ್ನಾಗಿಯೇ ಆಯಿತು. ಒಪ್ಪಿಸುವ ದಿನ ಬೆಳಗ್ಗೆ ಬಡಗಿಯಮ್ಮ ಕಪಾಟಿಗೆ ಕೊನೆಯ ಬಣ್ಣದೆಣ್ಣೆ ಉಜ್ಜುತ್ತಿದ್ದಾಗ ಮೈದುನ ಬಾಗಿಲಲ್ಲಿ ಬಂದು ನಿಂತ.

"ಅತ್ತಿಗೆ, ಈ ತಂತಿ ಇದೆಯಲ್ಲ..."

"ಕತೆ ಆಮೇಲೆ ಹೇಳುವಿಯಂತೆ. ಅಲ್ಲಿ ಅಕ್ಷರದಕ್ಕ ಕಾಯ್ತಿದ್ದಾರೆ. ಕೊಡು ಇಲ್ಲಿ."

ಅವನು ಕೊಟ್ಟ. ಎಲ್ಲಕ್ಕೂ ಕಪ್ಪು ಬಣ್ಣ ಬಳಿದಿದ್ದ. ಆಕೆ ಅವನ್ನು ಜೇಬಿಗೆ ಸುರಿದುಕೊಂಡು ಹೋಗಿ, ತಾನೇ ತೂರಿಸಿ, ತಾನೇ ಹಲಗೆ ಕೂರಿಸಿ ಬಂದಳು. ಅಕ್ಷರದಕ್ಕ ಮಲಗಿದಲ್ಲಿಂದಲೇ ಮೂರೂ ಹಲಗೆಗಳ ಅಡಿಯನ್ನು ಕಣ್ಣಲ್ಲೇ ತಡಕಿದಳು. ಕೊನೆಗೆ, "ಇದನ್ನ ಯಾವುದು ಹಿಡ್ಕೊಂಡಿದೆ ಹೇಳಿ?" ಎಂದಳು. ಬಡಗಿಯಮ್ಮ ನಕ್ಕಳು. ವಾರಗಟ್ಟಲೆ ಆ ಮಾತು ನೆನೆದಾಗಲೆಲ್ಲ ಆಕೆಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಒಂದು ಮಧ್ಯಾಹ್ನ ಬೇರೊಂದು ಗಿರಾಕಿಯ ಕೆಲಸಕ್ಕೆ ಅಂಥದ್ದೇ ತಂತಿ ಬೇಕಾಯಿತು. ಮೈದುನನ ಮೇಜಿನ ಡಬ್ಬಿಯಲ್ಲಿ ಕಪ್ಪು ಬಣ್ಣದ ಒಂದು ಜೋಡಿ ಉಳಿದಿತ್ತು. ಬಡಗಿಯಮ್ಮ ಒಂದನ್ನು ತೂತಿಗೆ ತೂರಿಸಿ, ಗಟ್ಟಿಯಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿದಳು. ತಂತಿ ಮೆಲ್ಲಗೆ ಬಗ್ಗಿತು. ಕೈ ತೆಗೆದರೂ ಬಗ್ಗಿದಂತೆಯೇ ಉಳಿಯಿತು.

ಆಕೆ ಅದನ್ನು ಕಿತ್ತು ಬೆಳಕಿಗೆ ಹಿಡಿದು ಉಗುರಿನಿಂದ ಬಣ್ಣ ಕೆರೆದಳು.

"ಇದು ಯಾವ ತಂತಿ?"

ಅಂಗಡಿಯ ಆ ತುದಿಯಲ್ಲಿ ಅರ ಉಜ್ಜುತ್ತಿದ್ದ ಮೈದುನನ ಕೈ ನಿಂತಿತು.

"ಸಾದಾ ತಂತಿ ಅತ್ತಿಗೆ."

"ಸ್ಪ್ರಿಂಗ್ ತಂತಿ ತರೋಕೆ ಹೇಳಿದ್ದೆ."

"ತಂದಿದ್ದೆ. ಮೂಲೆ ಚೂಪಾಗಿ ಬಗ್ಗಿಸೋವಾಗ ಪಟ್ ಅಂತ ಮುರೀತಿತ್ತು. ಕಡೆಗೆ ತಂತಿ ಸಾಲಲಿಲ್ಲ. ತಂತಿ ಮಾರೋನ ಅಂಗಡಿ ಮುಚ್ಚಿತ್ತು. ಮಾರನೇ ದಿನ ಬೆಳಗ್ಗೆ ನಿಮಗೆ ಕೊಡಲೇಬೇಕಿತ್ತು."

"ಅಕ್ಷರದಕ್ಕನ ಕಪಾಟಿಗೆ ಇದೇ ಹಾಕಿದ್ದಾ?"

"ಎಲ್ಲಕ್ಕೂ ಅಲ್ಲ. ಒಂದೆರಡು. ಯಾವ ಹಲಗೆಗೆ ಯಾವುದು ಹೋಯ್ತೋ ಗೊತ್ತಿಲ್ಲ. ತೂರಿಸಿದ್ದು ನೀವು."

ಬಡಗಿಯಮ್ಮನಿಗೆ ಕೋಪ ನೆತ್ತಿಗೇರಿತು. ಆದರೆ ಭಯ ಇನ್ನೂ ಇರಲಿಲ್ಲ. ಕಪ್ಪೆಚಿಪ್ಪು, ಗೊಂಬೆ, ಮಾತ್ರೆ ಡಬ್ಬಿ. ಅಷ್ಟಕ್ಕೆ ಸಾದಾ ತಂತಿಯೂ ಬಾಗುವುದಿಲ್ಲ. ಸಂಜೆ ಹೋಗಿ ಬದಲಾಯಿಸಿ ಬರೋಣ ಎಂದುಕೊಂಡು, ಮೈದುನನಿಗೆ ಹೇಳಬೇಕಾದ್ದನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕಲ್ಲುಕುಟಿಗನೇ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಮುಖ ಅರಳಿತ್ತು.

"ಬಡಗಿಯಮ್ಮ, ಇನ್ನೊಂದು ಹಲಗೆ ಮಾಡಿಕೊಡ್ಬೇಕಲ್ಲ. ಇದ್ದ ಮೂರರಲ್ಲಿ ಹಿಡಿಸ್ತಾ ಇಲ್ಲ. ಇವತ್ತು ಬೆಳಗ್ಗೆ ಮೇಲಿನದರಲ್ಲಿ ಅವಳ ಹಳೇ ಚಪ್ಪಡಿಗಳನ್ನ ಜೋಡಿಸಿದೆ ನೋಡಿ, ಎಷ್ಟು ಚೆಂದ ಕಾಣ್ತದೆ ಅಂತೀರಿ."

"ಚಪ್ಪಡಿ ಅಂದ್ರೆ?"

"ಅವಳು ಕೈ ಪಳಗಿಸ್ತಾ ಇದ್ದಾಗ ಅಕ್ಷರ ಕೊರೆದ ಕಲ್ಲುಗಳು. ಒಂದೊಂದೂ ಇಷ್ಟಿಷ್ಟು ದಪ್ಪ." ಅವನು ಬೆರಳಗಲಿಸಿ ತೋರಿಸಿದ. ಆಮೇಲೆ ತಾನು ಆಡಿದ ಮಾತು ತನಗೇ ಕೇಳಿಸಿದಂತೆ ಬೆರಳು ಮಡಿಸಿಕೊಂಡ. "ಮೊದಲೇ ಹೇಳಿದ್ರೆ ನೀವು ಬ್ರಾಕೆಟ್ಟು ಹಾಕ್ತೀರಿ ಅಂತ..."

ಬಡಗಿಯಮ್ಮ ಕೈಯಲ್ಲಿದ್ದ ಬಗ್ಗಿದ ತಂತಿಯನ್ನು ಅವನಿಗೆ ತೋರಿಸಲಿಲ್ಲ, ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಅಕ್ಕನ ಹತ್ತಿರ ಯಾರಿದ್ದಾರೆ ಈಗ?"

"ಯಾರೂ ಇಲ್ಲ. ಈಗ ಹೋಗಿ ಬಂದುಬಿಡ್ತೀನಿ ಅಂತ ಹೊರಗಿನಿಂದ ಬೀಗ ಹಾಕಿ ಬಂದೆ. ಯಾಕಮ್ಮ?"

"ಗಾಡಿ ತೆಗಿ" ಎಂದಳು ಮೈದುನನ ಕಡೆ ತಿರುಗಿ. ಅವನು ಅಷ್ಟರಲ್ಲೇ ಕೀಲಿ ತೆಗೆದುಕೊಂಡಿದ್ದ. ಆಕೆ ಮೂಲೆಯಲ್ಲಿ ಒರಗಿಸಿದ್ದ ಉದ್ದನೆಯ ಮರದ ರೀಪರುಗಳನ್ನು ತೋಳಿಗೆ ಸಿಕ್ಕಷ್ಟು ಬಾಚಿಕೊಂಡಳು. ಕೈಗರಗಸ, ಒಂದು ಹಿಡಿ ಬೆಣೆ, ಮರದ ಸುತ್ತಿಗೆ.

ವ್ಯಾನು ಹೊರಟ ಮೇಲೆ ಕಲ್ಲುಕುಟಿಗನಿಗೆ ವಿಷಯ ಹೇಳಿದಳು. ಅವನ ಮುಖದಲ್ಲಿ ಹನಿ ರಕ್ತ ಉಳಿಯಲಿಲ್ಲ. ಹೆಂಡತಿಗೆ ಫೋನು ಹಚ್ಚಿ, ಅದನ್ನು ಬಡಗಿಯಮ್ಮನ ಕೈಗೆ ಕೊಟ್ಟುಬಿಟ್ಟ.

"ಅಕ್ಕ, ನಾನು ಬಡಗಿ. ಕಪಾಟಿನಲ್ಲಿ ಏನನ್ನೂ ಮುಟ್ಟಬೇಡಿ. ಕೈ ಕೆಳಗಿಳಿಸಿ."

"ಕೈಯಲ್ಲಿ ಒಂದು ಕಲ್ಲಿದೆ. ಇದನ್ನೇನು ಮಾಡಲಿ?"

"ಹೊಟ್ಟೆ ಮೇಲೆ ಇಟ್ಕೊಳ್ಳಿ."

"ಇಟ್ಟೆ. ಏನಾಗಿದೆ ಹೇಳಿ."

"ಮೇಲಿನ ಹಲಗೆ ನಿಮಗೆ ಹೇಗೆ ಕಾಣ್ತಿದೆ?"

ಅಕ್ಷರದಕ್ಕ ಜೀವಮಾನವೆಲ್ಲ ಗೆರೆ ನೇರವಿದೆಯೇ ಎಂದು ನೋಡಿ ಬದುಕಿದವಳು. ಆಕೆಯ ದನಿ ಬದಲಾಯಿತು. "ಎಡಗಡೆ ಇಳಿದಿದೆ. ಬೆಳಗ್ಗೆ ನೇರವಾಗೇ ಇತ್ತು. ನಾನು ಇಲ್ಲಿ ಬೆನ್ನ ಮೇಲೆ ಬಿದ್ದು ಬಿದ್ದು ನನ್ನ ಕಣ್ಣೇ ಸೊಟ್ಟಗಾಗಿದೆ ಅಂದ್ಕೊಂಡೆ."

"ಎಷ್ಟು ಇಳಿದಿದೆ?"

"ಪಕ್ಕದ ಮರದಲ್ಲಿ ತಂತಿ ಕಾಣ್ತಿದೆ ಬಡಗಿಯಮ್ಮ. ಇದುವರೆಗೆ ಕಾಣ್ತಿರಲಿಲ್ಲ."

ಸೀಳಿನೊಳಗೆ ಇರಬೇಕಾದ ತಂತಿ ಕಾಣುತ್ತಿದೆ ಎಂದರೆ ಹಲಗೆಯ ಆ ತುದಿ ತಂತಿಯಿಂದ ಜಾರುತ್ತಿದೆ ಎಂದರ್ಥ.

"ಮುಖದ ಮೇಲೆ ದಿಂಬು ಇಟ್ಕೊಳ್ಳಿ ಅಕ್ಕ."

"ದಿಂಬು ಇಟ್ಕೊಂಡ್ರೆ ಹಲಗೆ ಕಾಣಲ್ಲ. ಕಾಣದೆ ಕಾಯೋದು ನನ್ನಿಂದಾಗಲ್ಲ. ಎದೆ ಮೇಲೆ ಇಟ್ಕೊಳ್ತೀನಿ." ಆಮೇಲೆ, "ಹೊರಗೆ ಲಾರಿ ಬರ್ತಿದೆ" ಎಂದಳು.

ಆ ಬೀದಿ ಕಲ್ಲಿನ ಕಾರ್ಖಾನೆಗೆ ಹೋಗುವ ದಾರಿ. ಲಾರಿ ಹಾದರೆ ಮನೆಯ ಪಾತ್ರೆಗಳೆಲ್ಲ ಗಿಣಿಗಿಣಿ ಅನ್ನುತ್ತಿದ್ದವು. ಫೋನಿನಲ್ಲಿ ಗುಡುಗಿನಂಥ ಸದ್ದು ಏರಿತು, ಇಳಿಯಿತು. ಅದರ ಹಿಂದೆಯೇ ಮರ ಮರಕ್ಕೆ ಉಜ್ಜಿದ ಕಿರ್ ಸದ್ದು.

"ಅಕ್ಕ?"

"ಇದ್ದೀನಿ. ಇನ್ನೊಂದು ಚೂರು ಇಳೀತು."

ಕಲ್ಲುಕುಟಿಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೈದುನ ಯಾರ ಮುಖವನ್ನೂ ನೋಡದೆ, ಹಾರನ್ನು ಬಿಡದೆ ಒತ್ತುತ್ತಾ ವ್ಯಾನು ಓಡಿಸುತ್ತಿದ್ದ.

"ಒಂದು ಮಾತು ಹೇಳೋಕೆ ನಿನಗೆ ಬಾಯಿ ಇರಲಿಲ್ವಾ?" ಎಂದಳು ಬಡಗಿಯಮ್ಮ, ಫೋನಿಗೆ ಅಂಗೈ ಅಡ್ಡ ಹಿಡಿದು.

"ಬಾಗಿಲಿಗೆ ಬಂದಿದ್ದೆ ಅತ್ತಿಗೆ. ಕತೆ ಆಮೇಲೆ ಅಂದ್ರಿ. ಆಮೇಲೆ ಅನ್ನೋದು ಯಾವತ್ತು ಬಂತು?"

ಅಷ್ಟರಲ್ಲಿ ವ್ಯಾನು ಆ ಬೀದಿಗೆ ತಿರುಗಿತ್ತು, ಬೀದಿಯ ಆ ಕೊನೆಯಿಂದ ಇನ್ನೊಂದು ಲಾರಿ ಕಲ್ಲು ಹೇರಿಕೊಂಡು ಬರುತ್ತಿತ್ತು.

ಮೈದುನ ಮನೆಯ ಮುಂದೆ ನಿಲ್ಲಿಸಲಿಲ್ಲ. ಮನೆ ದಾಟಿ ಮುಂದೆ ಹೋಗಿ ವ್ಯಾನನ್ನು ಬೀದಿಗೆ ಅಡ್ಡಡ್ಡಲಾಗಿ ನಿಲ್ಲಿಸಿ, ಕೀಲಿ ಕಿತ್ತು ಇಳಿದ. ಲಾರಿಯವನು ಗಕ್ಕನೆ ನಿಂತು ತಲೆ ಹೊರಗೆ ಹಾಕಿ ಬಾಯಿಗೆ ಬಂದದ್ದು ಬೈದ. ಮೈದುನ ಅವನತ್ತ ಒಂದು ಕೈ ಎತ್ತಿ, "ಒಳಗೆ ಹೆಣ್ಣುಮಗಳ ಜೀವ ಇದೆ. ಇಂಜಿನ್ ಆಫ್ ಮಾಡಿ" ಎಂದಷ್ಟೇ ಹೇಳಿ ಓಡಿದ. ಏನು ಅರ್ಥವಾಯಿತೋ, ಲಾರಿಯವನು ಇಂಜಿನ್ ಆರಿಸಿದ.

ಕಲ್ಲುಕುಟಿಗ ಬೀಗಕ್ಕೆ ಕೀಲಿಯನ್ನು ತಲೆಕೆಳಗಾಗಿ ತೂರಿಸುತ್ತಿದ್ದ. ಬಡಗಿಯಮ್ಮ ಕೀಲಿ ಕಿತ್ತುಕೊಂಡು ತಾನೇ ತೆಗೆದಳು. "ಓಡಬೇಡಿ. ಮೆಲ್ಲಗೆ ಹೆಜ್ಜೆ ಇಡಿ" ಎಂದಳು ಹಿಂದಿದ್ದ ಇಬ್ಬರಿಗೂ.

ಕೋಣೆ ಕಿರಿದಾಗಿತ್ತು. ಮಂಚ ಹಾಕಿದರೆ ಒಬ್ಬರು ನಿಲ್ಲುವಷ್ಟೇ ಜಾಗ. ಅಕ್ಷರದಕ್ಕ ಫೋನನ್ನು ಕಿವಿಗೆ ಹಿಡಿದೇ ಮಲಗಿದ್ದಳು, ಎದೆಯ ಮೇಲೆ ದಿಂಬು, ಹೊಟ್ಟೆಯ ಮೇಲೆ ಕಲ್ಲು. ಕಣ್ಣು ಮೇಲಿನ ಹಲಗೆಯ ಎಡ ಮೂಲೆಯನ್ನು ಬಿಟ್ಟು ಕದಲಲಿಲ್ಲ. ಹಲಗೆಯ ಮೇಲೆ ಚಪ್ಪಡಿಗಳು ಪುಸ್ತಕಗಳ ಹಾಗೆ ಸಾಲಾಗಿ ನಿಂತಿದ್ದವು. ಸಾಲೆಲ್ಲ ಎಡಕ್ಕೆ ವಾಲಿ, ಮುಂದಕ್ಕೂ ಸ್ವಲ್ಪ ತೂಗುತ್ತಿತ್ತು. ನಡುವಿನ ಹಲಗೆಯಲ್ಲಿ ಗುಂಡುಕಲ್ಲುಗಳು, ಕೆಳಗಿನದರಲ್ಲಿ ಇನ್ನೂ ಗುಂಡುಕಲ್ಲುಗಳು. ಹುಡುಕಿದರೂ ಒಂದು ಕಪ್ಪೆಚಿಪ್ಪು ಇರಲಿಲ್ಲ. ಬಡಗಿಯಮ್ಮ ಬಾಗಿ ನೋಡಿದಳು. ನಡುವಿನ ಹಲಗೆಯ ಎಡತುದಿಯಲ್ಲೂ ತಂತಿ ತಲೆ ಹಾಕಿತ್ತು.

"ಮಂಚ ಎಳೆದುಬಿಡೋಣ" ಎಂದ ಕಲ್ಲುಕುಟಿಗ.

ಆಕೆ ಮಂಚದ ಕಾಲು ನೋಡಿದಳು. ಹೆಂಡತಿಯ ಕೈಗೆ ಕಪಾಟು ಚೆನ್ನಾಗಿ ಎಟುಕಲೆಂದು ನಾಲ್ಕೂ ಕಾಲಿಗೆ ಕಲ್ಲು ಕೊಟ್ಟು ಎತ್ತರಿಸಿದ್ದ. ಎಳೆದರೆ ಮಂಚವೇ ಕಲ್ಲಿನಿಂದ ಜಾರಿ ಗೋಡೆಗೆ ಬಡಿಯುತ್ತಿತ್ತು.

"ಹಾಗಾದ್ರೆ ಮೇಲಿನ ಚಪ್ಪಡಿ ಒಂದೊಂದೇ ಇಳಿಸ್ತೀನಿ."

"ಒಂದು ಮುಟ್ಟಿದ್ರೆ ಸಾಲೇ ಬರುತ್ತೆ. ಮೇಲಿನದು ಬಿದ್ರೆ ನಡುವಿನದು ನಿಲ್ಲಲ್ಲ, ಮೂರೂ ಒಟ್ಟಿಗೆ ಬರುತ್ತೆ. ಕೆಳಗಿಂದ ಊರುಗೋಲು ಕೊಡ್ತಾ ಹೋಗ್ಬೇಕು."

ಮೈದುನ ಏನನ್ನೋ ಹುಡುಕುವಂತೆ ಸುತ್ತ ಕಣ್ಣಾಡಿಸಿದ. ಬಾಗಿಲ ಹಿಂದೆ ಅಕ್ಷರದಕ್ಕ ಕಾಗದ ಹರಡಿ ಅಕ್ಷರ ಬರೆದುಕೊಳ್ಳುತ್ತಿದ್ದ ದಪ್ಪ ಮರದ ಹಲಗೆ ಒರಗಿತ್ತು. ಅದನ್ನೆತ್ತಿ ತಂದು ಒಂದು ಅಂಚನ್ನು ಮಂಚದ ತಲೆಗಟ್ಟಿನ ಮೇಲಿಟ್ಟ. ಇನ್ನೊಂದು ಅಂಚಿನಡಿಗೆ ತನ್ನ ಮುಂಗೈಗಳನ್ನು ಕೊಟ್ಟು, ಇಕ್ಕಟ್ಟಿನಲ್ಲಿ ಮಂಡಿಯೂರಿ ಕೂತ. ಆಕೆಯ ಮುಖ, ಎದೆ ಎರಡೂ ಅದರಡಿ ಬಂದವು.

"ಈಗ ಏನೂ ಕಾಣಲ್ಲ ನನಗೆ" ಎಂದಿತು ಹಲಗೆಯಡಿಯ ದನಿ.

"ನಾನು ಹೇಳ್ತಾ ಇರ್ತೀನಿ ಅಕ್ಕ" ಎಂದ ಮೈದುನ. "ಈಗ ಅತ್ತಿಗೆ ರೀಪರು ಅಳೀತಿದ್ದಾರೆ."

ಬಡಗಿಯಮ್ಮ ಪಟ್ಟಿ ಹಿಡಿಯಲಿಲ್ಲ. ರೀಪರನ್ನೇ ಕಪಾಟಿನ ತಳಕ್ಕೂ ಕೆಳಗಿನ ಹಲಗೆಗೂ ನಡುವೆ ಹಿಡಿದು ಉಗುರಿನಿಂದ ಗುರುತು ಮಾಡಿ, ಪಡಸಾಲೆಗೆ ಹೋಗಿ ಕೊಯ್ದು ತಂದಳು. ಕೋಣೆಯೊಳಗೆ ಗರಗಸ ಆಡಿಸುವ ಧೈರ್ಯವಿರಲಿಲ್ಲ. ತುಂಡನ್ನು ಎಡತುದಿಯಲ್ಲಿ ನಿಲ್ಲಿಸಿ ಅಡಿಗೆ ಬೆಣೆ ತೂರಿಸಿದಳು. ಸುತ್ತಿಗೆ ಕೈಯಲ್ಲಿದ್ದರೂ ಹೊಡೆಯಲಿಲ್ಲ, ಹೆಬ್ಬೆರಳಿನಿಂದಲೇ ಒತ್ತಿ ಒತ್ತಿ ಬಿಗಿ ಮಾಡಿದಳು. ಬೆಣೆಯ ಅಂಚು ಬೆರಳಿನ ಚರ್ಮ ಸುಲಿಯಿತು.

"ಕೆಳಗಿನದು ನಿಂತಿತು ಅಕ್ಕ" ಎಂದ ಮೈದುನ.

ಮಂಚದ ಈಚೆ ನಿಂತು ನಡುವಿನದಕ್ಕೆ ಕೈ ಎಟುಕಲಿಲ್ಲ. ಮಂಚದ ಮೇಲೆ ಕಾಲಿಡಬೇಕಿತ್ತು.

"ನನ್ನ ಕಾಲ ಮೇಲೇ ಕಾಲಿಡಿ ಬಡಗಿಯಮ್ಮ" ಎಂದಳು ಅಕ್ಷರದಕ್ಕ. "ಡಾಕ್ಟರು ಅಷ್ಟು ದಪ್ಪ ಪ್ಲಾಸ್ಟರು ಹಾಕಿದ್ದಕ್ಕೆ ಇವತ್ತಾದ್ರೂ ಪ್ರಯೋಜನ ಆಗ್ಲಿ."

ಬಡಗಿಯಮ್ಮ ಮಂಚದ ಅಂಚಿನ ಮೇಲೆ ಒಂದು ಕಾಲು, ಕಿಟಕಿಯ ಕಟ್ಟೆಯ ಮೇಲೆ ಇನ್ನೊಂದು ಕಾಲು ಊರಿ ನಿಂತಳು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಎರಡನೆಯ ತುಂಡು ಕೊಯ್ದು ತಂದುಕೊಟ್ಟವನು ಕಲ್ಲುಕುಟಿಗ. ಅದು ಒಂದು ಕೂದಲೆಳೆಯಷ್ಟು ಗಿಡ್ಡವಾಗಿತ್ತು. ಎರಡು ಬೆಣೆ ಎದುರುಬದುರು ಇಟ್ಟು ಸರಿದೂಗಿಸಿದಳು. ನಡುವಿನ ಹಲಗೆ ಒಂದು ಸಲ ನರಳಿ ನಿಂತಿತು.

"ನಡುವಿನದೂ ನಿಂತಿತು. ಇನ್ನೊಂದೇ ಅಕ್ಕ."

ಮೂರನೆಯ ತುಂಡನ್ನು ಎತ್ತಿ ಹಿಡಿಯುತ್ತಿದ್ದಾಗ ಮೇಲಿನ ಹಲಗೆಯ ಎಡಮೂಲೆ ಸದ್ದೇ ಇಲ್ಲದೆ ತಂತಿ ಬಿಟ್ಟಿತು. ಬಡಗಿಯಮ್ಮ ಎಡ ಅಂಗೈಯನ್ನು ಹಲಗೆಯಡಿ ಕೊಟ್ಟು ಭುಜದಿಂದ ತಳ್ಳಿ ಹಿಡಿದಳು. ಹಲಗೆಯೇನೋ ನಿಂತಿತು, ಆದರೆ ಚಪ್ಪಡಿಗಳ ಸಾಲು ನಿಲ್ಲಲಿಲ್ಲ. ಮೊದಲನೆಯದು ಜಾರಿತು, ಅದರ ಹಿಂದೆ ಎರಡನೆಯದು, ಆಮೇಲೆ ಎಣಿಸುವಂತಿರಲಿಲ್ಲ. ಕೆಲವು ನಡುವಿನ ಹಲಗೆಯ ಮೇಲೆ ದಡದಡ ಬಿದ್ದು ಅಲ್ಲೇ ಉಳಿದವು. ಮಿಕ್ಕವು ಮುಂದಕ್ಕೆ ಉರುಳಿ ಮೈದುನ ಹಿಡಿದಿದ್ದ ಹಲಗೆಯ ಮೇಲೆ ಬಿದ್ದವು. ಅವನ ಮುಂಗೈಗಳು ಒಂದು ಸಲ ಕುಸಿದು ಮತ್ತೆ ಮೇಲೆದ್ದವು. ಹಲ್ಲು ಕಚ್ಚಿದ ಸದ್ದು ಬಡಗಿಯಮ್ಮನಿಗೆ ಕೇಳಿಸಿತು. ಅವನು ಹಲಗೆ ಬಿಡಲಿಲ್ಲ.

ಧೂಳು ಇಳಿಯಿತು. ಊರುಗೋಲು ಕೊಟ್ಟ ಎರಡು ಹಲಗೆಗಳೂ ನಿಂತೇ ಇದ್ದವು.

"ಅಕ್ಕ" ಎಂದಳು ಬಡಗಿಯಮ್ಮ.

"ಇದ್ದೀನಿ. ಯಾವ ಕಲ್ಲು ಒಡೀತು?"

ಕಲ್ಲುಕುಟಿಗ ನೆಲದ ಮೇಲಿನ ಚೂರನ್ನು ಎತ್ತಿ ನೋಡಿದ. "ನಾವು ಮೊದಲು ಬಾಡಿಗೆಗಿದ್ದೆವಲ್ಲ, ಆ ಮನೆಯ ಹೆಸರಿನದು."

"ಒಡೀಲಿ ಬಿಡಿ. ಅದರಲ್ಲಿ ಒಂದು ಅಕ್ಷರ ಸೊಟ್ಟಗಿತ್ತು."

ಅಷ್ಟು ಹೇಳಿ ಆಕೆ ಅಳತೊಡಗಿದಳು. ಹಲಗೆಯಡಿ ಮುಖ ಕಾಣುತ್ತಿರಲಿಲ್ಲ, ಬಿಕ್ಕುವುದು ಮಾತ್ರ ಕೇಳುತ್ತಿತ್ತು. ಗಂಡ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಡಸಾಲೆಗೆ ಒಯ್ದ. ಕೊನೆಯದನ್ನು ಒಯ್ದ ಮೇಲೆ ಮೈದುನನ ಕೈಯಿಂದ ಹಲಗೆ ತೆಗೆದುಕೊಂಡು, ಮಂಚದ ಪಕ್ಕ ಕುಕ್ಕರಿಸಿ ಹೆಂಡತಿಯ ಕೈ ಹಿಡಿದ.

"ಸುಳ್ಳು ಹೇಳಿದ್ದು ನಾನು ಕಣೆ. ಕಪ್ಪೆಚಿಪ್ಪು ಅಂದುಬಿಟ್ಟೆ."

"ನೀವು ಅಂದ್ರಿ, ನಾನು ಸುಮ್ಮನಿದ್ದೆ. ಈಗ ಎದ್ದು ಆ ಹುಡುಗನ ಕೈ ನೋಡಿ."

ಹುಡುಗ ಎನ್ನುವ ವಯಸ್ಸು ಮೈದುನನಿಗೆ ಎಂದೋ ದಾಟಿತ್ತು. ಅವನು ಗೋಡೆಗೊರಗಿ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ. ಮಣಿಕಟ್ಟು ಆಗಲೇ ಊದಿಕೊಂಡಿತ್ತು. ಬಡಗಿಯಮ್ಮ ಖಾಲಿಯಾದ ಮೇಲಿನ ಹಲಗೆಯನ್ನು ಕಳಚಿಕೊಂಡು ಮಂಚದಿಂದ ಇಳಿದಳು. ಹೊರಗೆ ಲಾರಿಯವನು ವ್ಯಾನಿಗೆ ಒರಗಿ ಕಾಯುತ್ತಿದ್ದ. ಎಲ್ಲರೂ ಬದುಕಿದ್ದಾರೆಂದು ತಿಳಿದ ಮೇಲೆ ಇನ್ನೊಂದಿಷ್ಟು ಬೈದುಕೊಂಡು, ವ್ಯಾನು ಪಕ್ಕಕ್ಕೆ ತೆಗೆಯಲು ತಾನೇ ಸಹಾಯ ಮಾಡಿ ಹೋದ.

ಆಸ್ಪತ್ರೆಗೆ ಹೋಗುವಾಗ ವ್ಯಾನು ಓಡಿಸಿದವಳು ಬಡಗಿಯಮ್ಮ.

"ತಂತಿ ಯಾಕೆ ಮುರೀತಿತ್ತು?" ಎಂದು ದಾರಿಯಲ್ಲಿ ಕೇಳಿದಳು.

ಮೈದುನ ಆಕೆಯ ಕಡೆ ನೋಡಿದ. ಬೈಗುಳದ ಪೀಠಿಕೆಯೋ ಏನೋ ಎಂಬ ಅನುಮಾನ.

"ಹೇಳು. ಕೇಳ್ತಿದ್ದೀನಿ."

"ಗಟ್ಟಿ ತಂತಿಯನ್ನ ಮೂಲೆ ಚೂಪಾಗಿ ಬಗ್ಗಿಸೋಕೆ ಆಗಲ್ಲ ಅತ್ತಿಗೆ. ದುಂಡಗೆ ಬಗ್ಗಿಸ್ಬೇಕು. ದುಂಡಗೆ ಬಗ್ಗಿಸಿದ್ರೆ ಅದು ನಿಮ್ಮ ತೂತಿನೊಳಗೆ ಪೂರ್ತಿ ಕೂರಲ್ಲ. ತೂತಿನ ಬಾಯನ್ನ ನೀವು ಸ್ವಲ್ಪ ತೋಡ್ಬೇಕಾಗುತ್ತೆ. ಅದನ್ನೇ ಹೇಳೋಕೆ ಬಂದಿದ್ದೆ ಅವತ್ತು."

"ಕಪಾಟಿಗೆ ಎಣ್ಣೆ ಹಚ್ಚಿ ಆಗಿತ್ತು. ನೀನು ಹೇಳಿದ್ರೂ ನಾನು ಬಯ್ತಿದ್ದೆ."

"ಬೈಸ್ಕೋಬೇಕಿತ್ತು" ಎಂದ ಅವನು. "ಬೈಗುಳಕ್ಕೆ ಹೆದರಿ ಒಬ್ಬರ ತಲೆ ಮೇಲೆ ಕಲ್ಲು ತೂಗುಹಾಕಿದೆ. ನಿಮ್ಮ ಮಾತು ಬಿಡಿ, ನನ್ನ ತಪ್ಪು ನನ್ನದೇ."

ಆಕೆ ತಲೆ ಆಡಿಸಿದಳು. ಅದನ್ನು ಅಲ್ಲಗಳೆಯುವಷ್ಟು ದೊಡ್ಡ ಮನಸ್ಸು ಆ ದಿನ ಬರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವನ ಕೈಗೆ ಪ್ಲಾಸ್ಟರು ಹಾಕಿ ಮುಗಿಯುವವರೆಗೆ ಪಕ್ಕದಿಂದ ಕದಲಲೂ ಇಲ್ಲ.

ಹೊಸ ತಂತಿಗಳನ್ನು ಅವನು ಪಕ್ಕದಲ್ಲಿ ನಿಂತು ಹೇಳಿದಂತೆ ಆಕೆ ಬಗ್ಗಿಸಿದಳು. ಮೊದಲ ಸಲ ಆಕೆಯ ಕೈಯಲ್ಲೂ ಒಂದು ಮುರಿಯಿತು. ಅವನು ನಕ್ಕ, ಆಕೆ ಗುರಾಯಿಸಿದಳು, ಆಮೇಲೆ ತಾನೂ ನಕ್ಕಳು. ಕಪಾಟನ್ನು ಮತ್ತೆ ಮಂಚದ ಪಕ್ಕಕ್ಕೆ ಹಾಕಲು ಮಾತ್ರ ಬಡಗಿಯಮ್ಮ ಸುತರಾಂ ಒಪ್ಪಲಿಲ್ಲ. ಅಕ್ಷರದಕ್ಕ ಬೇಡಿದಳು, ಮುನಿಸಿಕೊಂಡಳು, ಒಂದಿಡೀ ದಿನ ಮಾತು ಬಿಟ್ಟಳು. ಬಡಗಿಯಮ್ಮ ಜಗ್ಗಲಿಲ್ಲ. "ಉಕ್ಕಿನ ತೊಲೆ ಹಾಕಿದ್ರೂ ಮಲಗಿದವರ ತಲೆ ಮೇಲೆ ಕಲ್ಲು ಇಡಲ್ಲ" ಎಂದಳು. ಕಡೆಗೆ ಕಾಲ ದಿಕ್ಕಿನ ಗೋಡೆಗೆ ಒಪ್ಪಿಗೆಯಾಯಿತು. ಕೈಗೆ ಎಟುಕದಿದ್ದರೂ ಕಣ್ಣಿಗೆ ಪೂರ್ತಿ ಕಾಣುತ್ತಿತ್ತು. ಬೇಕಾದ ಕಲ್ಲನ್ನು ಕೈಗೆ ತಂದುಕೊಡುವ ಕೆಲಸ ಗಂಡನ ಪಾಲಿಗೆ ಬಂತು. ಗೋಡೆಗೆ ಹಾಕುವ ಮೊದಲು ಕಲ್ಲುಕುಟಿಗ ಕಲ್ಲುಗಳನ್ನೆಲ್ಲ, ಅದರ ಮೇಲೆ ಇನ್ನಷ್ಟನ್ನೂ, ಅಂಗಡಿಗೇ ಹೊತ್ತು ತಂದ. ಅವನ್ನು ಹೇರಿ ವಾರವಿಡೀ ನಿಲ್ಲಿಸಿ ನೋಡಿದರು. ಹಲಗೆ ಮಿಸುಕಲಿಲ್ಲ.

ಆದರೂ ಬಡಗಿಯಮ್ಮನಿಗೆ ನಿದ್ದೆ ಸರಿಯಾಗಲಿಲ್ಲ. ದಿನ ಬಿಟ್ಟು ದಿನ ಯಾವುದಾದರೊಂದು ನೆಪ ಹಿಡಿದು ಆ ಮನೆಗೆ ಹೋಗುತ್ತಿದ್ದಳು. ಒಂದು ಸಲ ಹತ್ತಿರದಲ್ಲಿ ಕೆಲಸವಿತ್ತು, ಇನ್ನೊಂದು ಸಲ ಸುತ್ತಿಗೆ ಮರೆತಿದ್ದಳು. ಹೋದವಳು ಕುಶಲ ಕೇಳುವ ಮೊದಲೇ ಕಪಾಟಿನ ಮುಂದೆ ನಿಂತು ಮೂರೂ ಹಲಗೆಗಳ ಎಡತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

"ಬಡಗಿಯಮ್ಮ" ಎಂದಳು ಅಕ್ಷರದಕ್ಕ ಒಂದು ಮಧ್ಯಾಹ್ನ. "ನೀವು ಹೀಗೇ ಒತ್ತುತ್ತಾ ಇದ್ರೆ ಅದು ನಿಮ್ಮ ಕಾಟಕ್ಕೇ ಒಂದಿನ ಬೀಳುತ್ತೆ. ಬರೋದಿದ್ರೆ ನನ್ನ ನೋಡೋಕೆ ಬನ್ನಿ. ಇಲ್ಲಿ ಕೂತ್ಕೊಳ್ಳಿ."

ಮಂಚದ ಪಕ್ಕ ಒಂದು ಸ್ಟೂಲು ಇತ್ತು. ಅದರಲ್ಲಿ ಕೂತರೆ ಕಪಾಟಿಗೆ ಬೆನ್ನು ಹಾಕಬೇಕಾಗುತ್ತಿತ್ತು. ಬಡಗಿಯಮ್ಮ ಸ್ವಲ್ಪ ಹೊತ್ತು ನಿಂತೇ ಇದ್ದಳು. ಹೊರಗೆ ಒಂದು ಲಾರಿ ಹಾದುಹೋಯಿತು, ಅಡುಗೆಮನೆಯ ಪಾತ್ರೆಗಳು ಗಿಣಿಗಿಣಿ ಎಂದವು.

ಆಕೆ ಕೂತಳು. ಅಕ್ಷರದಕ್ಕ ದಿಂಬು ಸರಿಮಾಡಿಕೊಂಡು, ಗಂಡನ ಮೇಲಿನ ಆ ದಿನದ ದೂರುಗಳನ್ನು ಒಂದೊಂದಾಗಿ ಹೇಳತೊಡಗಿದಳು.